ನಾಲ್ಕು ಮಂದಿಯ ತಂಡಕ್ಕೆ ಎಷ್ಟು ಕಡತ?

ಮಣಿಪಾಲದಲ್ಲಿ ನಾಲ್ವರೇ ಸೇರಿ ಇನ್‌ಫ್ಯೂಷನ್ ಪಂಪಿಗೆ ಸಾಫ್ಟ್‌ವೇರ್ ಬರೆಯುತ್ತಿದ್ದೀರಿ. ದೊಡ್ಡ ಕಂಪನಿಗಳ ಕಡತರಾಶಿ ನಿಮಗೆ ಬೇಡ. ಹಾಗೆಂದು ಕಡತವೇ ಬೇಡ ಅನ್ನಬೇಡಿ. 25 ಜನರವರೆಗಿನ ತಂಡಗಳಿಗೆಂದೇ ಐಎಸ್‌ಒ/ಐಇಸಿ 29110 ಇದೆ. ಅದೊಂದೇ ಸಾಲದು. ವೈದ್ಯಕೀಯ ಸಾಫ್ಟ್‌ವೇರಿನ ಮಾನದಂಡ ಐಇಸಿ 62304, ಸಾಫ್ಟ್‌ವೇರನ್ನು ಅಪಾಯಕ್ಕೆ ತಕ್ಕಂತೆ ಎ, ಬಿ, ಸಿ ವರ್ಗಗಳಾಗಿ ವಿಂಗಡಿಸುತ್ತದೆ. ಔಷಧದ ಪ್ರಮಾಣ ನಿಯಂತ್ರಿಸುವ ಭಾಗ ಕೆಟ್ಟರೆ ಜೀವ ಹೋಗಬಹುದು, ಅದು ಸಿ. ಅದನ್ನು ವರದಿ, ಮುದ್ರಣದ ಭಾಗಗಳಿಂದ ಬೇರ್ಪಡಿಸಿ, ಬೇರ್ಪಡಿಸಿದ್ದು ಗಟ್ಟಿಯೆಂದು ತೋರಿಸಿ. ಶ್ರಮವನ್ನೆಲ್ಲ ಆ ಸಿ ಭಾಗಕ್ಕೇ ಸುರಿಯಿರಿ. ನಿಮ್ಮ ತಂಡದ ಕಾರ್ಕಳದ ಹುಡುಗ ಬರೆದದ್ದನ್ನು ಕಾಪುವಿನ ಹುಡುಗಿ ಪರೀಕ್ಷಿಸಲಿ. ಉಡುಪಿಯ ವೈದ್ಯರು ಡೆಮೊ ಮೆಚ್ಚಿದರು ಅಂದಿರಿ. ಸಂತೋಷ, ಆದರೆ ಅದು ಪರೀಕ್ಷೆಯಲ್ಲ! ಹಳೆಯ ಕೋಡನ್ನು ನಂಬಿ ಹಾರ್ಡ್‌ವೇರ್ ತಡೆಗಳನ್ನು ಕೈಬಿಟ್ಟ ಥೆರಾಕ್-25 ಎಂಬ ವಿಕಿರಣ ಚಿಕಿತ್ಸಾ ಯಂತ್ರ 1985–87ರಲ್ಲಿ ರೋಗಿಗಳಿಗೆ ಮಾರಕ ವಿಕಿರಣ ಕೊಟ್ಟಿತ್ತು. 2017ರ ವೈದ್ಯಕೀಯ ಸಾಧನ ನಿಯಮಗಳಡಿ ಅರ್ಜಿ ಹಾಕುವಾಗ ದಾಖಲೆ ಹುಟ್ಟಿಸಲು ಕೂರಬೇಡಿ. ಕೋಡಿನ ಜೊತೆಗೇ ಬರೆದಿಡಿ.