ಕೊಂಬು ನೋಡಿದರೆ ವಯಸ್ಸು ತಿಳಿಯುವುದೇ?

ಮಕ್ಕಳೇ, ನಮ್ಮ ಚನ್ನರಾಯಪಟ್ಟಣ ತಾಲ್ಲೂಕಿನ ಬೂಕನಬೆಟ್ಟದ ದನಗಳ ಜಾತ್ರೆಗೆ ನೀವು ಹೋಗಿದ್ದೀರಾ? ಅಲ್ಲಿ ಹಳ್ಳಿಕಾರ್ ಎತ್ತುಗಳ ಉದ್ದನೆಯ ಕೊಂಬುಗಳನ್ನು ನೋಡುವುದೇ ಚೆಂದ. ಆದರೆ ಎತ್ತು ಕೊಳ್ಳುವ ರೈತ ಕೊಂಬಿನ ಅಂದಕ್ಕೆ ಮರುಳಾಗುವುದಿಲ್ಲ. ಎತ್ತಿನ ತುಟಿ ಬಿಡಿಸಿ ಹಲ್ಲು ನೋಡುತ್ತಾನೆ. ದನಗಳಿಗೆ ಮುಂದಿನ ಬಾಚಿ ಹಲ್ಲುಗಳು ಕೆಳದವಡೆಯಲ್ಲಿ ಮಾತ್ರ ಇರುತ್ತವೆ, ಒಟ್ಟು 8. ಸುಮಾರು 2 ವರ್ಷವಾದಾಗ ಹಾಲುಹಲ್ಲು ಬಿದ್ದು ಮೊದಲ ಜೋಡಿ ದೊಡ್ಡ ಹಲ್ಲು ಬರುತ್ತದೆ. 4 ವರ್ಷ ದಾಟುವ ಹೊತ್ತಿಗೆ 8 ಹಲ್ಲೂ ಬಂದು 'ಬಾಯಿಗೂಡುತ್ತದೆ'.

ಜಿಂಕೆಯ ಕೊಂಬು

ಜಿಂಕೆಯ ವಯಸ್ಸನ್ನು ತಿಳಿಯುವುದು ಹೇಗೆ? 'ಕೊಂಬಿನ ಕವಲು ಎಣಿಸಿದರಾಯಿತು' ಎಂದು ಹಲವರು ಹೇಳುತ್ತಾರೆ. ಇದು ತಪ್ಪು. ಎತ್ತಿನ ಕೊಂಬು ಒಮ್ಮೆ ಬಂದರೆ ಜೀವಮಾನವಿಡೀ ಇರುತ್ತದೆ. ಗಂಡು ಜಿಂಕೆಯ ಕೊಂಬಾದರೋ ಮೂಳೆಯಿಂದಾದದ್ದು. ಅದು ಉದುರಿ ಮತ್ತೆ ಹೊಸದಾಗಿ ಬೆಳೆಯುತ್ತದೆ. ಬೆಳೆಯುವಾಗ ಅದರ ಮೇಲೆ ಮಖಮಲ್ಲಿನಂತಹ ಚರ್ಮವಿದ್ದು, ಅದರಲ್ಲಿ ರಕ್ತ ಹರಿಯುತ್ತದೆ. ಕೊಂಬು ಬಲಿತ ಮೇಲೆ ಜಿಂಕೆ ಅದನ್ನು ಮರಕ್ಕೆ ಉಜ್ಜಿ ಚರ್ಮ ಕಳಚುತ್ತದೆ.

ನಮ್ಮ ಚುಕ್ಕೆ ಜಿಂಕೆಗೂ ಕಡವೆಗೂ ಬಲಿತ ಕೊಂಬೊಂದಕ್ಕೆ ಸಾಮಾನ್ಯವಾಗಿ 3 ತುದಿಗಳು. ನಡುವಯಸ್ಸಿನದಕ್ಕೂ 3, ಮುದಿ ಜಿಂಕೆಗೂ 3! ಒಳ್ಳೆಯ ಮೇವು ಸಿಕ್ಕಿದರೆ ಕೊಂಬು ದೊಡ್ಡದಾಗುತ್ತದೆ. ಮುಪ್ಪಿನಲ್ಲಿ ಮತ್ತೆ ಚಿಕ್ಕದಾಗಬಹುದು. ಆದ್ದರಿಂದ ವಿಜ್ಞಾನಿಗಳೂ ನಮ್ಮ ರೈತನಂತೆ ಹಲ್ಲನ್ನೇ ನೋಡುತ್ತಾರೆ. ವಯಸ್ಸಾದಂತೆ ದವಡೆ ಹಲ್ಲುಗಳು ಸವೆಯುತ್ತವೆ.

ದೊಡ್ಡ ಕೊಂಬಿಗಾಗಿ ಬೇಟೆ

ಹಿಂದೆ ಶಿಕಾರಿಯವರು ದೊಡ್ಡ ಕೊಂಬಿನ ಪ್ರಾಣಿಯನ್ನೇ ಆರಿಸಿ ಕೊಂದು, ತಲೆಯನ್ನು ಗೋಡೆಗೆ ತೂಗುಹಾಕುತ್ತಿದ್ದರು. ಬೇಟೆಗೆ ಪರವಾನಗಿ ಕೊಡುವ ದೇಶಗಳಲ್ಲಿ ಇಂದೂ ಈ ಆಸೆ ಇದೆ. ಇದರಿಂದ ಏನಾಗುತ್ತದೆ?

ಕೆನಡಾ ದೇಶದ ಆಲ್ಬರ್ಟಾ ಪ್ರಾಂತ್ಯದ ಒಂದು ಬೆಟ್ಟದಲ್ಲಿ ದೊಡ್ಡ ಕೊಂಬಿನ ಕಾಡುಕುರಿಗಳಿವೆ. ವಿಜ್ಞಾನಿಗಳು ಅವುಗಳನ್ನು ಸುಮಾರು 30 ವರ್ಷ ಗಮನಿಸಿ 2003ರಲ್ಲಿ ಫಲಿತಾಂಶ ಪ್ರಕಟಿಸಿದರು. ಬೇಗ ದೊಡ್ಡ ಕೊಂಬು ಬಿಟ್ಟ ಟಗರುಗಳು ಹೆಚ್ಚು ಮರಿಗಳಿಗೆ ತಂದೆಯಾಗುವ ಮೊದಲೇ ಗುಂಡಿಗೆ ಬಲಿಯಾಗಿದ್ದವು. ಚಿಕ್ಕ ಕೊಂಬಿನವು ಉಳಿದು ಸಂತಾನ ಬೆಳೆಸಿದವು. ಕೊನೆಗೆ ಇಡೀ ಹಿಂಡಿನ ಟಗರುಗಳ ಕೊಂಬೇ ಚಿಕ್ಕದಾಯಿತು!

ನಿಮ್ಮ ಅಜ್ಜಿ ರಾಗಿಯ ಒಳ್ಳೆಯ ತೆನೆಗಳನ್ನು ಬಿತ್ತನೆಗೆಂದು ಎತ್ತಿಡುವುದನ್ನು ನೋಡಿದ್ದೀರಲ್ಲವೇ? ಅವನ್ನೇ ತಿಂದು ಜೊಳ್ಳನ್ನು ಬಿತ್ತಿದರೆ ಬೆಳೆ ಏನಾದೀತು? ಅದಕ್ಕಾಗಿಯೇ, ಬೇಟೆ ನಡೆಯುವ ಕಡೆಗಳಲ್ಲಿ ತಿಳಿದವರು ಕೊಂಬಿನ ಬೆನ್ನು ಹತ್ತದೆ, ಸಂತಾನ ಬೆಳೆಸಿ ವಯಸ್ಸಾದ ಗಂಡನ್ನು ಮಾತ್ರ ಆರಿಸಬೇಕೆನ್ನುತ್ತಾರೆ. ಜೋತ ಹೊಟ್ಟೆ, ದಪ್ಪ ಕುತ್ತಿಗೆಯಂತಹ ಮೈಗುರುತುಗಳಿಂದ ಅದನ್ನು ದೂರದಿಂದಲೇ ಅಂದಾಜು ಮಾಡುತ್ತಾರೆ.

ನಮ್ಮ ಕಾಡಿನ ಬೇಟೆಗಾರರು

ನಮ್ಮ ದೇಶದಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಂತೆ ಜಿಂಕೆಯ ಬೇಟೆ ಅಪರಾಧ. ಇಲ್ಲಿ ಬೇಟೆಯ ಹಕ್ಕು ಹುಲಿ, ಚಿರತೆ, ಸೀಳುನಾಯಿಗಳಿಗೆ. ನಮ್ಮ ಜಿಲ್ಲೆಯ ದಕ್ಷಿಣಕ್ಕಿರುವ ನಾಗರಹೊಳೆಯಲ್ಲಿ ಉಲ್ಲಾಸ ಕಾರಂತ ಮತ್ತು ಮೆಲ್ ಸನ್‌ಕ್ವಿಸ್ಟ್ ನಡೆಸಿದ ಅಧ್ಯಯನ 1995ರಲ್ಲಿ ಪ್ರಕಟವಾಯಿತು. ಅಲ್ಲಿ ಹುಲಿಯೂ ಸೀಳುನಾಯಿಯೂ ಚುಕ್ಕೆ ಜಿಂಕೆಗಳಲ್ಲಿ ಬೆಳೆದ ಗಂಡುಗಳನ್ನೇ ಹೆಚ್ಚಾಗಿ ಹಿಡಿಯುತ್ತಿದ್ದವು. ಅವುಗಳಿಗೆ ಬೇಕಾದದ್ದು ಹೊಟ್ಟೆಗೆ ಆಹಾರ, ಗೋಡೆಗೆ ಅಲಂಕಾರವಲ್ಲ.

ಕಾಡಿನಲ್ಲಿ ಉದುರಿಬಿದ್ದ ಕೊಂಬನ್ನೂ ನಾವು ಮನೆಗೆ ತರಬಾರದು. ಮುಳ್ಳುಹಂದಿಗಳು ಅದನ್ನು ಕಡಿದು ಸುಣ್ಣದ ಅಂಶ ಪಡೆಯುತ್ತವೆ. ಕಾಡಿನದು ಕಾಡಿನಲ್ಲೇ ಇರಲಿ.

ಮಾಡಿ ನೋಡಿ: ಮನೆಯ ಹಿರಿಯರ ಜೊತೆಗೂಡಿ ನಿಮ್ಮೂರಿನ 5 ದನಗಳ ಹಲ್ಲುಗಳನ್ನು ಅವರಿಂದ ಎಣಿಸಿ ಬರೆದುಕೊಳ್ಳಿ. ಕೊಂಬಿನ ಉದ್ದವನ್ನೂ ಬರೆಯಿರಿ. ಅತಿ ಉದ್ದ ಕೊಂಬಿನದೇ ಅತಿ ಹೆಚ್ಚು ವಯಸ್ಸಿನದೇ? ತರಗತಿಯಲ್ಲಿ ಚರ್ಚಿಸಿ.