ಮನಸ್ಸಿನ ಗಾಯಕ್ಕೆ ಎರಡು ಅಳತೆಗೋಲು

ಕಾನೂನು ಸೇವಾ ಪ್ರಾಧಿಕಾರದ ಪ್ಯಾನೆಲ್ ವಕೀಲೆಯಾಗಿ ಸಂತ್ರಸ್ತರ ಪರಿಹಾರದ ಅರ್ಜಿ ಬರೆದುಕೊಡುವುದು ನನ್ನ ಕೆಲಸ. ಕೈಕಾಲು ಮುರಿದವರಿಗೆ ಎಕ್ಸ್‌ರೇ, ವೂಂಡ್ ಸರ್ಟಿಫಿಕೇಟ್ ಇರುತ್ತವೆ. ಮನಸ್ಸು ಮುರಿದವರು ಮಾತ್ರ ಬಂದ ಕೂಡಲೇ ಕೇಳುತ್ತಾರೆ: "ಮೇಡಂ, ಎಷ್ಟು ಪರ್ಸೆಂಟ್ ಬೇಕು?"

ಗಾರ್ಮೆಂಟ್ಸ್ ಕೆಲಸ ಮುಗಿಸಿ ಬರುವಾಗ ದೌರ್ಜನ್ಯಕ್ಕೆ ಒಳಗಾದ ಹೆಂಗಸೊಬ್ಬರನ್ನು ಅವರ ಅಣ್ಣ ಕರೆತಂದಿದ್ದರು. ಸ್ನಾನ, ಅಡುಗೆ, ಮಾತು ಎಲ್ಲವೂ ಸರಿ. ಆದರೆ ಹಿಂದಿನಿಂದ ಬೈಕ್ ಸದ್ದು ಕೇಳಿದರೆ ಕೈ ನಡುಗುತ್ತದೆ. ಕೆಲಸಕ್ಕೆ ಹೋಗುವುದು ನಿಂತೇಹೋಗಿದೆ. ಅಂಗವಿಕಲತೆಯ ಪ್ರಮಾಣಪತ್ರಕ್ಕೆ ಅರ್ಜಿ ಹಾಕಿಯಾಗಿತ್ತು. ಮಾನಸಿಕ ಕಾಯಿಲೆಗೆ ಅಲ್ಲಿ ಬಳಸುವುದು 'ಐಡಿಯಾಸ್' ಮಾಪನ. ಸ್ವಂತ ಆರೈಕೆ, ಜನರೊಡನೆ ಒಡನಾಟ, ಸಂವಹನ, ಕೆಲಸ: ಪ್ರತಿಯೊಂದಕ್ಕೂ 0ಯಿಂದ 4 ಅಂಕ, ಕಾಯಿಲೆಯ ಅವಧಿಗೆ ಬೇರೆ ಅಂಕ. ಅವರಿಗೆ ಕೆಲಸದಲ್ಲಿ 3, ಒಡನಾಟದಲ್ಲಿ 1, ಎರಡು ವರ್ಷ ತುಂಬದ ಕಾಯಿಲೆಗೆ 1. ಒಟ್ಟು 5. ಶೇ. 40 ಅಂಗವಿಕಲತೆ ಎನ್ನಿಸಿಕೊಳ್ಳಲು 7 ಬೇಕು. "ಹಂಗಾದ್ರೆ ಪರಿಹಾರವೂ ಇಲ್ಲ ಬಿಡಿ" ಎಂದರು ಅಣ್ಣ.

ಅಲ್ಲೇ ಇರುವುದು ಗೊಂದಲ. ಶೇ. 40ರ ಗೆರೆ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯದು. ಸಂತ್ರಸ್ತರ ಪರಿಹಾರ ಬರುವುದು ದಂಡ ಪ್ರಕ್ರಿಯೆಯ ಕಾನೂನಿನಿಂದ, ಅಂದರೆ ಹಿಂದಿನ ಸಿಆರ್‌ಪಿಸಿಯ 357ಎ, ಈಗಿನ ಬಿಎನ್‌ಎಸ್‌ಎಸ್‌ನ 396ನೇ ಕಲಮಿನಡಿ. ಮಹಿಳೆಯರಿಗಾಗಿ ರಾಷ್ಟ್ರೀಯ ಕಾನೂನು ಸೇವಾ ಪ್ರಾಧಿಕಾರ (ನಾಲ್ಸಾ) 2018ರಲ್ಲಿ ರೂಪಿಸಿದ ಯೋಜನೆಯಲ್ಲಿ, ಪುನರ್ವಸತಿ ಬೇಕಾಗುವ ಯಾವುದೇ ಮಾನಸಿಕ ಗಾಯಕ್ಕೆ 1ರಿಂದ 2 ಲಕ್ಷ ರೂಪಾಯಿ ಎಂದಿದೆ. ಆ ಸಾಲಿನಲ್ಲಿ ಪರ್ಸೆಂಟಿನ ಮಾತೇ ಇಲ್ಲ.

ಹಾಗೆಂದು ಕಣ್ಣೀರು ಸಾಕ್ಷಿಯಾಗುವುದಿಲ್ಲ. ಕಾಯಿಲೆ ಇದೆಯೇ, ಅದು ಈ ಅಪರಾಧದಿಂದಲೇ ಬಂತೇ, ಚಿಕಿತ್ಸೆ ಬೇಕೇ ಎಂಬ ಮೂರಕ್ಕೂ ಕಾಗದ ಮಾತಾಡಬೇಕು. ವೈದ್ಯರೆದುರು "ತುಂಬಾ ಬೇಜಾರು" ಎಂದರೆ ಚೀಟಿಯಲ್ಲೂ ಅಷ್ಟೇ ಬರುತ್ತದೆ. ರಾತ್ರಿ ಎಷ್ಟು ಹೊತ್ತಿಗೆ ಎಚ್ಚರವಾಗುತ್ತದೆ, ಯಾವ ದಾರಿ ಬಿಟ್ಟಿದ್ದೀರಿ, ಕೆಲಸ ಯಾವಾಗಿನಿಂದ ನಿಂತಿತು ಎಂಬುದನ್ನು ಹೇಳಿಸಿ ಎಂದು ಮನೆಯವರಿಗೆ ತಿಳಿಸುತ್ತೇನೆ. ಮೊದಲ ಭೇಟಿ ತಡವಾದಷ್ಟೂ ಘಟನೆಗೂ ಕಾಯಿಲೆಗೂ ನಂಟು ತೋರಿಸುವುದು ಕಷ್ಟ. ಹಳೆಯ ಖಿನ್ನತೆ ಇದ್ದರೆ ಮುಚ್ಚಿಡಬಾರದು. ಮೊದಲು ಹೇಗಿದ್ದರು, ಆಮೇಲೆ ಏನಾಯಿತು ಎಂಬುದೇ ಮುಖ್ಯ. ಈ ಹೆಂಗಸಿನ ಅರ್ಜಿಯನ್ನು ಗಟ್ಟಿಯಾಗಿ ಹಿಡಿದದ್ದು ಕಾರ್ಖಾನೆಯ ಹಾಜರಿ ಪುಸ್ತಕ. ಘಟನೆಯವರೆಗೂ ರಜೆ ಅಪರೂಪ, ಮರುದಿನದಿಂದ ಪೂರ್ತಿ ಖಾಲಿ. ಪರಿಹಾರ ಮಂಜೂರಾಯಿತು.

ಆರೋಪಿ ಸಿಕ್ಕಿಲ್ಲವೆಂದು ಕಾಯುತ್ತ ಕೂರುವವರೂ ಬಹಳ. ಆತ ಪತ್ತೆಯಾಗದೆ ವಿಚಾರಣೆಯೇ ನಡೆಯದಿದ್ದರೂ ಪ್ರಾಧಿಕಾರಕ್ಕೆ ಅರ್ಜಿ ಹಾಕಬಹುದು. ನಾಲ್ಸಾ ಯೋಜನೆಯಡಿ ಅದಕ್ಕೆ ಮೂರು ವರ್ಷದ ಗಡುವಿದೆ. ಮನಸ್ಸು ಸುಧಾರಿಸಿದ ಮೇಲೆ ನೋಡೋಣ ಎಂದು ಮುಂದೂಡುವವರ ಕೈತಪ್ಪುವುದು ಆ ಗಡುವೇ. ಹಾಗಾಗಿ ಚಿಕಿತ್ಸೆಯೂ ಅರ್ಜಿಯೂ ಒಟ್ಟಿಗೇ ಶುರುವಾಗಲಿ.