ಪ್ರೋಷಧೋಪವಾಸದ ಹದಿನಾರು ಪ್ರಹರಗಳಲ್ಲಿ ಜೀವಕೋಶಗಳ ವ್ಯಾಪಾರ

ಸಪ್ತಮಿಯ ಮಧ್ಯಾಹ್ನ ಏಕಭುಕ್ತ, ಅಷ್ಟಮಿಯಂದು ನಿರಾಹಾರ, ನವಮಿಯ ಮಧ್ಯಾಹ್ನ ಪಾರಣೆ. ಇದು ಉತ್ತಮ ಪ್ರೋಷಧೋಪವಾಸದ ಕ್ರಮವು. ಪ್ರಹರವೊಂದಕ್ಕೆ 3 ಗಂಟೆಯಂತೆ 16 ಪ್ರಹರ, ಅಂದರೆ 48 ಗಂಟೆಗಳ ಕಾಲ ಶ್ರಾವಕನು ನಾಲ್ಕು ವಿಧದ ಆಹಾರವನ್ನೂ ತ್ಯಜಿಸಿರುತ್ತಾನೆ. ಆದರೆ ಈ ಅವಧಿಯಲ್ಲಿ ಅವನ ಹೃದಯವು ಬಡಿಯುವುದನ್ನು ನಿಲ್ಲಿಸುವುದಿಲ್ಲ. ಶ್ವಾಸವು ನಡೆದೇ ಇರುತ್ತದೆ. ಸ್ವಾಧ್ಯಾಯದಲ್ಲಿ ತೊಡಗಿದ ಮೆದುಳು ಎಂದಿನಂತೆ ದುಡಿಯುತ್ತದೆ. ಉಣ್ಣದ ದೇಹಕ್ಕೆ ಈ ಶಕ್ತಿಯು ಎಲ್ಲಿಂದ ಒದಗುತ್ತದೆ ಎಂಬುದೇ ಇಂದಿನ ಪಾಠದ ವಿಷಯ.

ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗಗಳ ನಮ್ಮ ಮನೆಗಳಿಂದ ಹುಬ್ಬಳ್ಳಿ, ಬೆಳಗಾವಿಗಳ ವೈದ್ಯಕೀಯ ಕಾಲೇಜುಗಳಿಗೆ ಹೋಗುವ ಮಕ್ಕಳು ಮೊದಲನೆಯ ವರ್ಷದಲ್ಲಿಯೇ ಜೀವರಸಾಯನಶಾಸ್ತ್ರವನ್ನು ಓದುತ್ತಾರೆ. ಅವರಿಗೆ ಇದು ಪರೀಕ್ಷೆಯ ವಿಷಯ. ಆದರೆ ಮನೆಯಲ್ಲಿ ವ್ರತ ಹಿಡಿದ ಅಜ್ಜಿಯು ಮಧುಮೇಹದ ಗುಳಿಗೆಯನ್ನೂ ಸೇವಿಸುತ್ತಿದ್ದಲ್ಲಿ ಅದೇ ವಿಷಯವು ಪ್ರಾಣಕ್ಕೆ ಸಂಬಂಧಿಸಿದುದಾಗುತ್ತದೆ. ಆದಕಾರಣ ವಿದ್ಯಾರ್ಥಿಗಳೂ ಗೃಹಸ್ಥರೂ ಇದನ್ನು ಒಟ್ಟಿಗೆ ಕುಳಿತು ಓದುವುದು ಒಳಿತು.

1. ಶಕ್ತಿಯ ನಾಣ್ಯ

ಜೋಳದ ರೊಟ್ಟಿಯಲ್ಲಿರುವ ಶಕ್ತಿಯನ್ನು ಜೀವಕೋಶವು ನೇರವಾಗಿ ಬಳಸಲಾರದು. ಪೇಟೆಗೆ ಒಯ್ದ ಅರಳೆಯನ್ನು ಮೊದಲು ಹಣವಾಗಿ ಮಾಡಿಕೊಂಡು ಅನಂತರ ಬೇಕಾದುದನ್ನು ಕೊಳ್ಳುವಂತೆ, ಜೀವಕೋಶವು ಆಹಾರವನ್ನು ಮೊದಲು ಎ.ಟಿ.ಪಿ. ಎಂಬ ನಾಣ್ಯವಾಗಿ ಮಾರ್ಪಡಿಸಿಕೊಳ್ಳುತ್ತದೆ. ಇದರ ಪೂರ್ಣ ಹೆಸರು ಅಡಿನೋಸಿನ್ ಟ್ರೈಫಾಸ್ಫೇಟ್. ಸ್ನಾಯುವಿನಲ್ಲಿ ಈ ವಸ್ತುವನ್ನು 1929ರಲ್ಲಿ ಕಂಡುಹಿಡಿದವರಲ್ಲಿ ಆಂಧ್ರದ ಭೀಮವರದಲ್ಲಿ ಜನಿಸಿದ ಯಲ್ಲಾಪ್ರಗಡ ಸುಬ್ಬರಾವ್ ಅವರೂ ಒಬ್ಬರು. ಅವರು ಅಮೆರಿಕದ ಹಾರ್ವರ್ಡ್‌ನಲ್ಲಿ ಸೈರಸ್ ಫಿಸ್ಕ್ ಅವರೊಡನೆ ಈ ಕಾರ್ಯವನ್ನು ನಡೆಸಿದರು. ಅದೇ ವರ್ಷ ಜರ್ಮನಿಯ ಕಾರ್ಲ್ ಲೋಮನ್ ಅವರೂ ಸ್ವತಂತ್ರವಾಗಿ ಅದನ್ನು ಕಂಡುಕೊಂಡರು.

ದೇಹದಲ್ಲಿ ಯಾವುದೇ ಕ್ಷಣದಲ್ಲಿ ಇರುವ ಎ.ಟಿ.ಪಿ. ಸುಮಾರು 100 ಗ್ರಾಂ ಮೀರದು. ಆದರೆ ಅದು ಖರ್ಚಾಗಿ ಮತ್ತೆ ಹುಟ್ಟುವ ಪ್ರಮಾಣವನ್ನು ದಿನವೊಂದಕ್ಕೆ ಲೆಕ್ಕ ಹಾಕಿದರೆ ಹೆಚ್ಚುಕಡಿಮೆ ದೇಹದ ತೂಕದಷ್ಟಾಗುತ್ತದೆ. ಈ ನಾಣ್ಯವನ್ನು ಕೂಡಿಡಲು ಬಾರದು, ಕ್ಷಣಕ್ಷಣವೂ ಮುದ್ರಿಸುತ್ತಿರಬೇಕು. ಆ ಟಂಕಸಾಲೆಯೇ ಜೀವಕೋಶದೊಳಗಿನ ಮೈಟೋಕಾಂಡ್ರಿಯ. ಅಲ್ಲಿ ನಡೆಯುವ ಮುಖ್ಯ ಚಕ್ರವನ್ನು ಹಾನ್ಸ್ ಕ್ರೆಬ್ಸ್ ಅವರು 1937ರಲ್ಲಿ ವಿವರಿಸಿ, 1953ರಲ್ಲಿ ನೊಬೆಲ್ ಪಾರಿತೋಷಕಕ್ಕೆ ಪಾತ್ರರಾದರು. ಗ್ಲೂಕೋಸಿನ ಒಂದು ಅಣುವು ಆಮ್ಲಜನಕದ ನೆರವಿಲ್ಲದೆ ಒಡೆದರೆ ಲಾಭವಾಗಿ ಸಿಗುವುದು 2 ಎ.ಟಿ.ಪಿ. ಮಾತ್ರ. ಮೈಟೋಕಾಂಡ್ರಿಯದಲ್ಲಿ ಪೂರ್ಣವಾಗಿ ಉರಿದರೆ ಸುಮಾರು 30ರಿಂದ 32 ದೊರೆಯುತ್ತವೆ. ಹಳೆಯ ಪುಸ್ತಕಗಳಲ್ಲಿ ಇದು 36 ಅಥವಾ 38 ಎಂದಿರುವುದನ್ನು ವಿದ್ಯಾರ್ಥಿಗಳು ಗಮನಿಸಬೇಕು.

2. ಮೂರು ಸಂಗ್ರಹಗಳು

ನಮ್ಮ ಸೀಮೆಯ ಒಕ್ಕಲುಮನೆಗಳಲ್ಲಿ ಕಾಳನ್ನು ಮೂರು ಬಗೆಯಾಗಿ ಇಡುತ್ತಿದ್ದುದುಂಟು. ದಿನಬಳಕೆಗೆ ಅಡುಗೆಮನೆಯ ಗಡಿಗೆ. ವರ್ಷದ ಭದ್ರತೆಗೆ ನೆಲದೊಳಗಿನ ಹಗೇವು. ಇವೆರಡರಿಂದಲೂ ಬೇರೆಯಾಗಿ ಬಿತ್ತನೆಯ ಬೀಜ. ದೇಹದ ವ್ಯವಸ್ಥೆಯೂ ಅಂತೆಯೇ ಇದೆ.

ಗಡಿಗೆಯೆಂದರೆ ಗ್ಲೈಕೋಜನ್. ಯಕೃತ್ತಿನಲ್ಲಿ ಇದು ಸುಮಾರು 100 ಗ್ರಾಂ, ಸ್ನಾಯುಗಳಲ್ಲಿ ಸುಮಾರು 400 ಗ್ರಾಂ ಇರುತ್ತದೆ. ಸ್ನಾಯುವು ತನ್ನ ಪಾಲನ್ನು ತಾನೇ ಬಳಸಿಕೊಳ್ಳುತ್ತದೆ. ಅದನ್ನು ಗ್ಲೂಕೋಸಾಗಿ ರಕ್ತಕ್ಕೆ ಬಿಡಲು ಬೇಕಾದ ಕಿಣ್ವವು ಅಲ್ಲಿ ಇಲ್ಲ. ಆದಕಾರಣ ಮೆದುಳಿಗೆ ಒದಗುವುದು ಯಕೃತ್ತಿನ ಗಡಿಗೆಯೊಂದೇ. ಹಗೇವೆಂದರೆ ಕೊಬ್ಬು. ಸಾಧಾರಣ ಮೈಕಟ್ಟಿನವರಲ್ಲಿಯೂ 10 ಕಿಲೋಗ್ರಾಂ ಕೊಬ್ಬು ಇದ್ದೀತು. ಗ್ರಾಂಗೆ 9 ಕ್ಯಾಲೊರಿಯಂತೆ ಅದು 90,000 ಕ್ಯಾಲೊರಿಗಳ ನಿಧಿ. ಬಿತ್ತನೆಯ ಬೀಜವೆಂದರೆ ಪ್ರೋಟೀನು, ಅಂದರೆ ಸ್ನಾಯು, ಹೃದಯ, ಕಿಣ್ವಗಳ ಮೂಲವಸ್ತು. ಅದನ್ನು ಉಂಡು ತೀರಿಸಿದ ಒಕ್ಕಲಿಗನಿಗೆ ಮುಂದಿನ ಹಂಗಾಮು ಇಲ್ಲ.

3. ಪ್ರಹರಗಳ ಅನುಕ್ರಮ

ಸಪ್ತಮಿಯ ಊಟವಾದ ಮೇಲೆ ಮೊದಲನೆಯ ಪ್ರಹರದಲ್ಲಿ ರಕ್ತಕ್ಕೆ ಗ್ಲೂಕೋಸು ಹರಿದು ಬರುತ್ತದೆ. ಮೇದೋಜೀರಕಾಂಗವು ಇನ್ಸುಲಿನ್ ಎಂಬ ರಸವನ್ನು ಸ್ರವಿಸುತ್ತದೆ. ಇನ್ಸುಲಿನ್ ಸಂಗ್ರಹದ ಆಜ್ಞೆ. ಅದರ ಆಜ್ಞೆಯಂತೆ ಗಡಿಗೆಯೂ ಹಗೇವೂ ತುಂಬುತ್ತವೆ.

ಎರಡನೆಯ ಪ್ರಹರದಿಂದ ಎಂಟನೆಯದರವರೆಗೆ ಇನ್ಸುಲಿನ್ ತಗ್ಗಿ, ಅದೇ ಅಂಗದ ಗ್ಲುಕಗಾನ್ ಮೇಲುಗೈ ಪಡೆಯುತ್ತದೆ. ಇದು ವ್ಯಯದ ಆಜ್ಞೆ. ಯಕೃತ್ತು ಗ್ಲೈಕೋಜನನ್ನು ಒಡೆದು ರಕ್ತದ ಗ್ಲೂಕೋಸನ್ನು ಕಾಯುತ್ತದೆ. ಇಡೀ ರಕ್ತದಲ್ಲಿ ಇರುವ ಗ್ಲೂಕೋಸು ಕೇವಲ 5 ಗ್ರಾಂನಷ್ಟು, ಒಂದು ಚಹಾ ಚಮಚ. ಮೆದುಳೊಂದೇ ದಿನಕ್ಕೆ ಸುಮಾರು 120 ಗ್ರಾಂ ಬೇಡುತ್ತದೆ. ಮೈಟೋಕಾಂಡ್ರಿಯವಿಲ್ಲದ ಕೆಂಪು ರಕ್ತಕಣಗಳಿಗೆ ಗ್ಲೂಕೋಸಿನ ಹೊರತು ಬೇರೆ ಗತಿಯೇ ಇಲ್ಲ. ರಾತ್ರಿ ಭೋಜನ ತ್ಯಾಗವನ್ನು ಪಾಲಿಸುವ ಮನೆಗಳಲ್ಲಿ ಸೂರ್ಯಾಸ್ತದಿಂದ ಮರುದಿನದ ಆಹಾರದವರೆಗೆ ನಿತ್ಯವೂ ನಡೆಯುವುದು ಇದೇ ವ್ಯಾಪಾರ. ಎಂಟನೆಯ ಪ್ರಹರದ ಕೊನೆಗೆ, ಅಂದರೆ 24 ಗಂಟೆಗಳಲ್ಲಿ, ಯಕೃತ್ತಿನ ಗಡಿಗೆಯು ಬಹುತೇಕ ಬರಿದಾಗುತ್ತದೆ. ಗ್ಲೈಕೋಜನಿನ ಒಂದು ಗ್ರಾಂ ತನ್ನೊಡನೆ ಸುಮಾರು 3 ಗ್ರಾಂ ನೀರನ್ನು ಹಿಡಿದಿರುವುದರಿಂದ, ಆರಂಭದಲ್ಲಿ ಇಳಿಯುವ ತೂಕವು ಹೆಚ್ಚಾಗಿ ನೀರೇ ಹೊರತು ಕೊಬ್ಬಲ್ಲ.

ಒಂಬತ್ತನೆಯ ಪ್ರಹರದಿಂದ ಹಗೇವಿನ ಸರದಿ. ಕೊಬ್ಬು ಒಡೆದು ಕೊಬ್ಬಿನಾಮ್ಲ ಮತ್ತು ಗ್ಲಿಸರಾಲ್ ಆಗುತ್ತದೆ. ಹೃದಯ, ಸ್ನಾಯುಗಳು ಕೊಬ್ಬಿನಾಮ್ಲವನ್ನೇ ಉರಿಸತೊಡಗುತ್ತವೆ. ಆದರೆ ಕೊಬ್ಬಿನಾಮ್ಲವು ಮೆದುಳಿಗೆ ಇಂಧನವಾಗಿ ಒದಗದು. ಅದು ಗ್ಲೂಕೋಸಾಗಿಯೂ ಮಾರ್ಪಡದು. ಹಾಗಾಗಿ ಯಕೃತ್ತು ಎರಡು ಕೆಲಸಗಳನ್ನು ಮಾಡುತ್ತದೆ. ಗ್ಲಿಸರಾಲ್, ಲ್ಯಾಕ್ಟೇಟ್ ಮತ್ತು ಪ್ರೋಟೀನಿನ ಅಮೈನೋ ಆಮ್ಲಗಳಿಂದ ಹೊಸ ಗ್ಲೂಕೋಸನ್ನು ಕಟ್ಟುವುದು ಒಂದು. ಕೊಬ್ಬಿನಾಮ್ಲವನ್ನು ಕೀಟೋನುಗಳಾಗಿ ಮಾಡಿ ಕಳುಹಿಸುವುದು ಇನ್ನೊಂದು. ಉಪವಾಸಿಯ ಉಸಿರಿನಲ್ಲಿ ಕಂಡುಬರುವ ಮಾಗಿದ ಹಣ್ಣಿನಂಥ ವಾಸನೆಗೆ ಕೀಟೋನುಗಳಲ್ಲೊಂದಾದ ಅಸಿಟೋನೇ ಕಾರಣ.

ಕೀಟೋನುಗಳ ಮಹತ್ವವನ್ನು 1967ರಲ್ಲಿ ಬಾಸ್ಟನ್ನಿನ ಆಲಿವರ್ ಓವೆನ್, ಜಾರ್ಜ್ ಕೇಹಿಲ್ ಮತ್ತು ಸಂಗಡಿಗರು ತೋರಿಸಿಕೊಟ್ಟರು. ಅತಿ ಸ್ಥೂಲಕಾಯರು ಆಸ್ಪತ್ರೆಯಲ್ಲಿ ವೈದ್ಯರ ಕಣ್ಗಾವಲಿನಲ್ಲಿ ಐದಾರು ವಾರ ನಿರಾಹಾರರಾಗಿದ್ದಾಗ, ಮೆದುಳಿನ ಇಂಧನದಲ್ಲಿ ಸುಮಾರು ಮೂರರಲ್ಲಿ ಎರಡು ಪಾಲು ಕೀಟೋನುಗಳಿಂದಲೇ ಬರುತ್ತಿತ್ತು. ಉಪವಾಸದ ಆರಂಭದಲ್ಲಿ ದಿನಕ್ಕೆ ಸುಮಾರು 75 ಗ್ರಾಂ ಪ್ರೋಟೀನು ಕರಗಿದರೆ, ವಾರಗಳ ಅನಂತರ ಅದು 20 ಗ್ರಾಂಗೆ ಇಳಿಯುತ್ತದೆ. ಕೀಟೋನು ಬಿತ್ತನೆಯ ಬೀಜವನ್ನು ಕಾಯುವ ಕಾವಲುಗಾರ. ಆರೋಗ್ಯವಂತನಾದ ವಯಸ್ಕನು 16 ಪ್ರಹರಗಳನ್ನು ಕುಶಲದಿಂದ ಕಳೆಯುವುದು ಈ ಅನುಕ್ರಮವು ತಪ್ಪದೆ ನಡೆಯುವುದರಿಂದಲೇ.

4. ಅನುಕ್ರಮವು ಕೆಡುವ ಸ್ಥಳ

ಈಗ ಮುಖ್ಯ ವಿಷಯಕ್ಕೆ ಬರೋಣ. ಉಪವಾಸದ ವ್ಯವಸ್ಥೆಯೆಲ್ಲವೂ ಇನ್ಸುಲಿನ್ ತಗ್ಗುವುದರ ಮೇಲೆ ನಿಂತಿದೆ. ಇನ್ಸುಲಿನ್ ಚುಚ್ಚಿಕೊಳ್ಳುವವರಲ್ಲಿ, ಅಥವಾ ಗ್ಲಿಬೆನ್‌ಕ್ಲಮೈಡ್, ಗ್ಲಿಮೆಪಿರೈಡ್ ಮುಂತಾದ ಗುಳಿಗೆ ಸೇವಿಸುವವರಲ್ಲಿ ಅದು ತಗ್ಗುವುದಿಲ್ಲ. ಈ ಗುಳಿಗೆಗಳು ಊಟವಿರಲಿ ಇಲ್ಲದಿರಲಿ, ಮೇದೋಜೀರಕಾಂಗದಿಂದ ಇನ್ಸುಲಿನನ್ನು ಹೊರಡಿಸುತ್ತವೆ. ಆಗ ಗಡಿಗೆಯ ಮುಚ್ಚಳ ತೆರೆಯದು, ಹಗೇವಿನ ಬಾಯಿಯೂ ತೆರೆಯದು, ಕೀಟೋನೂ ಹುಟ್ಟದು. ಒಳಗೆ ನಿಧಿ ತುಂಬಿದ್ದರೂ ಮೆದುಳು ಹಸಿಯುತ್ತದೆ. ಬೆವರು, ನಡುಕ, ಎದೆಬಡಿತ, ಅಸಂಬದ್ಧ ಮಾತು, ಕೊನೆಗೆ ಪ್ರಜ್ಞಾಹೀನತೆ ಕಂಡುಬರುತ್ತವೆ. ಇದನ್ನು ವ್ರತದ ಬಳಲಿಕೆಯೆಂದು ತಿಳಿದು ಮಲಗಲು ಬಿಟ್ಟರೆ ಪ್ರಾಣಾಪಾಯವಾಗುತ್ತದೆ. ರಕ್ತದ ಗ್ಲೂಕೋಸು 70 ಮಿಲಿಗ್ರಾಂಗಿಂತ ಕೆಳಗಿಳಿದರೆ ತಡಮಾಡದೆ ಮೂರು ಚಹಾ ಚಮಚ ಸಕ್ಕರೆಯನ್ನು ನೀರಿನಲ್ಲಿ ಕದಡಿ ಕುಡಿಸಬೇಕು. ಅಳೆಯುವ ಯಂತ್ರ ಮನೆಯಲ್ಲಿ ಇಲ್ಲದಿದ್ದರೆ ಈ ಲಕ್ಷಣಗಳೇ ಸಾಕು. ಪ್ರಜ್ಞೆ ತಪ್ಪಿದವರ ಬಾಯಿಗೆ ಏನನ್ನೂ ಹಾಕದೆ ಕೂಡಲೇ ಆಸ್ಪತ್ರೆಗೆ ಒಯ್ಯಬೇಕು.

ಇದಕ್ಕೆ ವಿರುದ್ಧವಾದ ಅಪಾಯವೂ ಉಂಟು. ದೇಹದಲ್ಲಿ ಇನ್ಸುಲಿನ್ ಹುಟ್ಟದೇ ಇರುವವರು ಉಪವಾಸವೆಂದು ಚುಚ್ಚುಮದ್ದನ್ನೇ ಬಿಟ್ಟರೆ, ತಡೆಯಿಲ್ಲದೆ ಕೀಟೋನುಗಳು ಉಕ್ಕಿ ರಕ್ತವು ಆಮ್ಲೀಯವಾಗುತ್ತದೆ. ಡಾಪಾಗ್ಲಿಫ್ಲೋಜಿನ್ ವರ್ಗದ ಗುಳಿಗೆ ಸೇವಿಸುವವರಲ್ಲಿಯೂ ನಿರಾಹಾರದಿಂದ ಈ ಅಪಾಯವು ಹೆಚ್ಚುತ್ತದೆ. ಆದ್ದರಿಂದ ಮಧುಮೇಹಿಗಳು ಔಷಧಿಯನ್ನು ತಾವಾಗಿ ಮುಂದುವರಿಸುವುದೂ ತಪ್ಪು, ತಾವಾಗಿ ಬಿಡುವುದೂ ತಪ್ಪು. ಪಚ್ಚಕ್ಖಾಣ ಸ್ವೀಕರಿಸುವ ಮೊದಲೇ ವೈದ್ಯರೊಡನೆ ಮಾತಾಡಬೇಕು. ಗರ್ಭಿಣಿಯರು, ಹಾಲೂಡಿಸುವ ತಾಯಂದಿರು, ಚಿಕ್ಕ ಮಕ್ಕಳು, ಮೂತ್ರಪಿಂಡದ ರೋಗಿಗಳು ಪೂರ್ಣ ಉಪವಾಸ ಮಾಡತಕ್ಕದ್ದಲ್ಲ.

5. ನೀರಿನ ಲೆಕ್ಕ

ಆಹಾರದ ಸಂಗ್ರಹವು ವಾರಗಟ್ಟಲೆ ಬಂದೀತು. ನೀರಿಗೆ ಅಂಥ ಹಗೇವು ಇಲ್ಲ. ಚರ್ಮ, ಶ್ವಾಸ, ಮೂತ್ರಗಳಿಂದ ದಿನಕ್ಕೆ ಒಂದು ಲೀಟರಿಗಿಂತ ಹೆಚ್ಚು ನೀರು ಹೋಗುತ್ತದೆ. ಕೊಬ್ಬು ಉರಿಯುವಾಗ ಹುಟ್ಟುವ ನೀರು ಅದರಲ್ಲಿ ಅಲ್ಪಭಾಗವನ್ನು ಮಾತ್ರ ತುಂಬುತ್ತದೆ. ಫಾಲ್ಗುಣದ ಅಷ್ಟಾಹ್ನಿಕವು ಬರುವ ಹೊತ್ತಿಗೆ ರಾಮದುರ್ಗ, ಸವದತ್ತಿಗಳ ಬಯಲಿನಲ್ಲಿ ಬಿಸಿಲು ಏರಿರುತ್ತದೆ. ಆಗ ನಷ್ಟವು ಇನ್ನೂ ಹೆಚ್ಚು. ನೀರೊಂದನ್ನು ಉಳಿಸಿಕೊಂಡು ಉಳಿದ ಆಹಾರವನ್ನು ಬಿಡುವುದು ಮಧ್ಯಮ ಪ್ರೋಷಧವೆಂದು ವಸುನಂದಿ ಶ್ರಾವಕಾಚಾರವು ವಿಧಿಸಿದೆ. ವೃದ್ಧರು ಈ ಮಾರ್ಗವನ್ನು ಹಿಡಿಯುವುದರಲ್ಲಿ ಯಾವ ಕುಂದೂ ಇಲ್ಲ.

6. ದೀರ್ಘ ಉಪವಾಸ ಮತ್ತು ಪಾರಣೆ

ಅಷ್ಟಾಹ್ನಿಕದ 8 ದಿನ, ದಶಲಕ್ಷಣದ 10 ದಿನ ನಿರಾಹಾರರಾಗಿದ್ದವರಿಗೆ ಹೆಚ್ಚಿನ ಅಪಾಯವು ಪಾರಣೆಯ ದಿನದಿಂದ ಆರಂಭವಾಗುತ್ತದೆ. 1945ರಲ್ಲಿ ಮಹಾಯುದ್ಧವು ಮುಗಿದು ಬಂಧನ ಶಿಬಿರಗಳಿಂದ ಹೊರಬಂದ ಹಸಿದ ಜನರಲ್ಲಿ ಹಲವರು ಹೊಟ್ಟೆ ತುಂಬ ಊಟ ಸಿಕ್ಕ ಮೇಲೆ ಸತ್ತರು. ಕಾರಣ ಹೀಗಿದೆ: ಸಿಹಿ ಹೊಟ್ಟೆಗೆ ಬಿದ್ದೊಡನೆ ಇನ್ಸುಲಿನ್ ನೆಗೆಯುತ್ತದೆ, ಜೀವಕೋಶಗಳು ಗ್ಲೂಕೋಸನ್ನು ಬಳಸಲು, ಎ.ಟಿ.ಪಿ.ಯನ್ನು ಕಟ್ಟಲು ರಕ್ತದ ಫಾಸ್ಫೇಟನ್ನು ಒಮ್ಮೆಗೆ ಎಳೆದುಕೊಳ್ಳುತ್ತವೆ. ಪೊಟ್ಯಾಸಿಯಂ, ಮ್ಯಾಗ್ನೀಸಿಯಂಗಳೂ ಒಳಸರಿಯುತ್ತವೆ. ರಕ್ತದಲ್ಲಿ ಇವು ಕುಸಿದಾಗ ಹೃದಯದ ಬಡಿತವು ತಾಳ ತಪ್ಪುತ್ತದೆ. ಗ್ಲೂಕೋಸು ಉರಿಯಲು ಬೇಕಾದ ಥಯಾಮಿನ್ ಜೀವಸತ್ವವೂ ಆಗ ಕೊರತೆಯಾಗುತ್ತದೆ.

ಆದಕಾರಣ ಬೆಲ್ಲದ ಪಾನಕ, ಹೋಳಿಗೆ, ಗೋದಿ ಹುಗ್ಗಿಗಳಿಂದ ಪಾರಣೆ ಮಾಡಿಸುವ ಉತ್ಸಾಹವನ್ನು ಬಂಧುಗಳು ತಡೆಯಬೇಕು. ಮೊದಲ ದಿನ ಹೆಸರುಬೇಳೆಯ ಕಟ್ಟು, ತೆಳುವಾದ ಹಾಲು, ಎಳನೀರು, ಮೆತ್ತಗಿನ ಗಂಜಿ ಇಷ್ಟೇ ಸಾಕು. ಅದೂ ಹಗಲಿನಲ್ಲಿಯೇ, ಸ್ವಲ್ಪ ಸ್ವಲ್ಪವಾಗಿ. ಹೆಸರುಬೇಳೆಯಲ್ಲಿ ಫಾಸ್ಫೇಟು, ಪೊಟ್ಯಾಸಿಯಂ, ಥಯಾಮಿನ್ ಮೂರೂ ಇವೆ. ಊಟವನ್ನು ನಾಲ್ಕಾರು ದಿನಗಳಲ್ಲಿ ಕ್ರಮವಾಗಿ ಹೆಚ್ಚಿಸಬೇಕು. ಐದು ದಿನ ಮೀರಿದ ಉಪವಾಸಕ್ಕೆ ವೈದ್ಯರ ನಿಗಾ ಅವಶ್ಯ.

7. ಶಕ್ತಿಗೆ ತಕ್ಕ ತಪ

ಷೋಡಶಕಾರಣ ಭಾವನೆಗಳಲ್ಲಿ ತಪಸ್ಸನ್ನು ಹೇಳಿರುವುದು ‘ಶಕ್ತಿತಸ್ತಪ’ ಎಂದೇ. ಶಕ್ತಿಯನ್ನು ಅಡಗಿಸಲೂ ಬಾರದು, ಮೀರಲೂ ಬಾರದು. ಬಾಹ್ಯ ತಪಗಳು ಆರು. ಅನಶನವು ಅವುಗಳಲ್ಲಿ ಒಂದು ಮಾತ್ರ. ಗುಳಿಗೆಯ ಮೇಲೆ ಬದುಕಿರುವ ಅಜ್ಜಿಗೆ ಅವಮೌದರ್ಯವುಂಟು, ರಸಪರಿತ್ಯಾಗವುಂಟು. ತುಪ್ಪ, ಸಕ್ಕರೆಗಳನ್ನು ಬಿಟ್ಟು ಹೊತ್ತಿಗೆ ಸರಿಯಾಗಿ ಮಿತವಾಗಿ ಉಣ್ಣುವ ಅವಳ ವ್ರತವು ಮೊಮ್ಮಗಳ ಉಪವಾಸಕ್ಕಿಂತ ಕಡಿಮೆಯದೆಂದು ಯಾರೂ ಎಣಿಸಲಾಗದು. ಅದನ್ನು ಅವಳಿಗೆ ಗೌರವದಿಂದ ತಿಳಿಸಿ ಹೇಳುವುದು ಮನೆಯ ವಿದ್ಯಾವಂತ ಮಕ್ಕಳ ಕರ್ತವ್ಯ.

ಮನನಕ್ಕಾಗಿ ಪ್ರಶ್ನೆಗಳು

1. ಸ್ನಾಯುವಿನ ಗ್ಲೈಕೋಜನ್ ಮೆದುಳಿಗೆ ಏಕೆ ಒದಗದು?
2. ಒಂಬತ್ತನೆಯ ಪ್ರಹರದ ಅನಂತರ ಕೆಂಪು ರಕ್ತಕಣಗಳಿಗೆ ಗ್ಲೂಕೋಸು ಎಲ್ಲಿಂದ ಬರುತ್ತದೆ?
3. ಕೀಟೋನುಗಳು ಪ್ರೋಟೀನನ್ನು ಕಾಯುವುದು ಹೇಗೆ?
4. ಗ್ಲಿಮೆಪಿರೈಡ್ ಸೇವಿಸಿದ ಉಪವಾಸಿಯಲ್ಲಿ ಕೊಬ್ಬಿನ ಸಂಗ್ರಹವಿದ್ದೂ ಮೆದುಳಿಗೆ ಇಂಧನ ಸಿಗದಿರಲು ಕಾರಣವೇನು?
5. ನಿಮ್ಮ ಮನೆಯಲ್ಲಿ ವ್ರತ ಹಿಡಿಯುವವರು ಸೇವಿಸುವ ಔಷಧಿಗಳ ಹೆಸರುಗಳನ್ನು ಬರೆದಿಡಿರಿ. ಮುಂದಿನ ಅಷ್ಟಮಿಗೆ ಮೊದಲು ವೈದ್ಯರಿಗೆ ತೋರಿಸಿರಿ.